ಮೇವು ಕತ್ತರಿಸುವ ಯಂತ್ರದ ಕಾವಲು ಸ್ವಿಚ್ಚು



ಜೋಳದ ದಂಟು, ನೇಪಿಯರ್ ಹುಲ್ಲುಗಳನ್ನು ಸುಮಾರು ಒಂದು ಅಂಗುಲಕ್ಕೆ ಕತ್ತರಿಸಿ ಹಾಕಿದರೆ ರಾಸುಗಳು ಎಲೆಯನ್ನಷ್ಟೇ ಆರಿಸಿ ತಿಂದು ದಂಟು ಬಿಡುವುದು ಕಡಿಮೆಯಾಗುತ್ತದೆ, ಮೇವು ಉಳಿತಾಯವಾಗುತ್ತದೆ. ಇದನ್ನರಿತು ಅನೇಕ ಸದಸ್ಯರು ಮೋಟಾರಿನ ಯಂತ್ರ ಕೊಂಡಿದ್ದೀರಿ. ಸಂತೋಷ. ಆದರೆ ಮೇವಿನ ಜೊತೆ ಬೆರಳೂ ಹೋದರೆ ಹಾಲು ಕರೆಯುವವರು ಯಾರು? ಆದ್ದರಿಂದ ಈ ಸಲ ರಾಸಿನ ಬದಲು ಯಂತ್ರದ ವಿಷಯ ತಿಳಿಯೋಣ.

ಅಪಾಯ ಎಲ್ಲಿದೆ?

ಮೇವನ್ನು ಒಳಕ್ಕೆಳೆಯುವ ರೋಲರುಗಳು, ಅಲಗುಗಳಿರುವ ದೊಡ್ಡ ಚಕ್ರ, ಮೋಟಾರಿನ ಬೆಲ್ಟು, ಈ ಮೂರು ಕಡೆ. ರೋಲರು ದಂಟನ್ನು ಎಳೆದಂತೆಯೇ ಬೆರಳನ್ನೂ ಎಳೆಯುತ್ತದೆ. ಬೆಲ್ಟು ಸೆರಗು, ಪಂಚೆಗಳನ್ನು ಸುತ್ತಿಕೊಳ್ಳುತ್ತದೆ.

ಕಾವಲು ಸ್ವಿಚ್ಚಿನ ಕೆಲಸ

ಕಾರ್ಖಾನೆಗಳ ಯಂತ್ರಗಳಲ್ಲಿ ಮುಚ್ಚಳ ಮುಚ್ಚಿದೆಯೋ ತೆರೆದಿದೆಯೋ ಎಂದು ತಿಳಿಯುವ ಸ್ವಿಚ್ಚು ಇರುತ್ತದೆ. ಇದಕ್ಕೆ ಲಿಮಿಟ್ ಸ್ವಿಚ್ ಎನ್ನುತ್ತಾರೆ. ಕೆಲವು ಮೇವಿನ ಯಂತ್ರಗಳಲ್ಲೂ ಇದಿದೆ. ಮುಚ್ಚಳ ಸರಿಯಾಗಿ ಕುಳಿತಿದ್ದರೆ ಮಾತ್ರ ಸ್ಟಾರ್ಟರಿನ ಕಾಯಿಲ್‌ಗೆ ವಿದ್ಯುತ್ ಹರಿಯುತ್ತದೆ. ಮುಚ್ಚಳ ಎತ್ತಿದೊಡನೆ ವಿದ್ಯುತ್ ಕಡಿದು ಮೋಟಾರು ನಿಲ್ಲುತ್ತದೆ. ಈ ಸ್ವಿಚ್ಚಿನ ತಂತಿ ತುಂಡಾದರೂ ಮೋಟಾರು ನಿಲ್ಲುತ್ತದೆ. ದೋಷ ಬಂದಾಗ ಓಡುವುದಲ್ಲ, ನಿಲ್ಲುವುದೇ ಇದರ ಗುಣ.

"ಪದೇ ಪದೇ ನಿಲ್ಲುತ್ತದೆ, ಕಿರಿಕಿರಿ" ಎಂದು ಸ್ವಿಚ್ಚನ್ನು ದಾರದಿಂದ ಕಟ್ಟುವುದು, ತಂತಿಗಳನ್ನು ನೇರ ಜೋಡಿಸುವುದು ಬೇಡ. ಅದು ಕಾವಲುಗಾರನ ಕಣ್ಣು ಕಟ್ಟಿದಂತೆ. ಪದೇ ಪದೇ ನಿಂತರೆ ಮುಚ್ಚಳದ ಕೀಲು, ಬೋಲ್ಟು ಸಡಿಲವಾಗಿವೆಯೇ ಎಂದು ನೋಡಿಸಿ. ನಿಮ್ಮ ಯಂತ್ರದಲ್ಲಿ ಈ ಸ್ವಿಚ್ಚು ಇಲ್ಲದಿದ್ದರೆ ಬಲ್ಲ ಎಲೆಕ್ಟ್ರಿಷಿಯನ್‌ನಿಂದ ಹಾಕಿಸಬಹುದು.

ಒಂದು ಮಾತು ನೆನಪಿರಲಿ: ಮೋಟಾರು ನಿಂತ ಮೇಲೂ ಚಕ್ರ ತನ್ನ ಭಾರಕ್ಕೆ ತಿರುಗುತ್ತಲೇ ಇರುತ್ತದೆ. ಪೂರ್ತಿ ನಿಂತ ನಂತರವೇ ಮುಚ್ಚಳ ತೆಗೆಯಿರಿ.

ಕರೆಂಟು ಹೋಗಿ ಬಂದಾಗ

ಒಳ್ಳೆಯ ಸ್ಟಾರ್ಟರಿನಲ್ಲಿ ಕರೆಂಟು ಹೋದರೆ ಕಾಯಿಲ್ ಬಿಟ್ಟುಕೊಳ್ಳುತ್ತದೆ. ಮತ್ತೆ ಬಂದಾಗ ಹಸಿರು ಗುಂಡಿ ಒತ್ತದೆ ಮೋಟಾರು ಓಡುವುದಿಲ್ಲ. ಪಂಪ್‌ಸೆಟ್‌ಗೆ ಹಾಕುವ ಆಟೋ ಸ್ಟಾರ್ಟರನ್ನು ಈ ಯಂತ್ರಕ್ಕೆ ಎಂದೂ ಹಾಕಬೇಡಿ. ಕರೆಂಟು ಇಲ್ಲವೆಂದು ಸಿಕ್ಕಿಕೊಂಡ ದಂಟು ಬಿಡಿಸಲು ಕೈ ಹಾಕಿದಾಗಲೇ ಕರೆಂಟು ಬಂದರೆ ಏನಾಗುವುದೆಂದು ಯೋಚಿಸಿ.

ವಾರಕ್ಕೊಮ್ಮೆ ಪರೀಕ್ಷೆ

ಮೇವು ಹಾಕದೆ, ಮಕ್ಕಳನ್ನು ದೂರವಿಟ್ಟು ಹೀಗೆ ಮಾಡಿ.

1. ಚಕ್ರ ನಿಂತಿರುವಾಗ ಮುಚ್ಚಳ ತೆರೆದು, ಯಂತ್ರದಿಂದ ದೂರ ಸರಿದು ಹಸಿರು ಗುಂಡಿ ಒತ್ತಿ. ಮೋಟಾರು ಓಡಬಾರದು.

2. ಮುಚ್ಚಳ ಮುಚ್ಚಿ ಯಂತ್ರ ಓಡಿಸಿ, ಮೇನ್ ಸ್ವಿಚ್ ತೆಗೆದು ಮತ್ತೆ ಹಾಕಿ. ತಾನಾಗಿ ಓಡಬಾರದು.

3. ಪುನಃ ಓಡಿಸಿ ಕೆಂಪು ಗುಂಡಿ ಒತ್ತಿ. ಕೂಡಲೇ ಕರೆಂಟು ಕಡಿಯಬೇಕು. ಈ ಗುಂಡಿ ಮೇವು ಹಾಕುವವರ ಕೈಗೆ ನಿಂತಲ್ಲೇ ಎಟುಕುವಂತಿರಲಿ.

ಇವುಗಳಲ್ಲಿ ಒಂದು ತಪ್ಪಿದರೂ ರಿಪೇರಿ ಆಗುವವರೆಗೆ ಯಂತ್ರ ಬಳಸಬೇಡಿ. ಸಿಕ್ಕಿಕೊಂಡ ಮೇವನ್ನು ತೆಗೆಯುವಾಗ ಮೇನ್ ಸ್ವಿಚ್ ತೆಗೆದಿರಲಿ, ಕೈಯಲ್ಲಿ ಕೋಲಿರಲಿ.

ಅವಘಡವಾದರೆ

ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡಾದ ಬೆರಳನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಿ. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಬಾರದು. 108ಕ್ಕೆ ಕರೆ ಮಾಡಿ. ಬೇಗ ತಲುಪಿದರೆ ಬೆರಳು ಕೂಡಿಸುವ ಅವಕಾಶ ಹೆಚ್ಚು.

ಮೇವು ಹಾಕುವವರು ಬಹುಪಾಲು ಮನೆಯ ಹೆಣ್ಣುಮಕ್ಕಳು. ಈ ಮೂರು ಪರೀಕ್ಷೆಗಳನ್ನು ಅವರಿಗೂ ತೋರಿಸಿಕೊಡಿ.