ಬ್ಯಾಟರಿ ಕಳಚಿದರೆ ಎಂಜಿನ್ ಏನನ್ನು ಮರೆಯುತ್ತದೆ?

ಮುಂಗಾರು ಹಿಡಿದ ಮೇಲೆ ಕಾರನ್ನು ಶೆಡ್ಡಿಗೆ ಸೇರಿಸಿ, ಬ್ಯಾಟರಿಯ ತಂತಿ ಕಳಚಿಟ್ಟು, ಜೀಪಿನಲ್ಲಿಯೇ ಓಡಾಡುವುದು ನಮ್ಮ ಸದಸ್ಯರಲ್ಲಿ ಅನೇಕರ ವಾಡಿಕೆ. ಮಳೆ ಬಿಟ್ಟು ಕಾರು ಹೊರತೆಗೆದಾಗ "ಎಂಜಿನ್ ಮೊದಲಿನಂತಿಲ್ಲ, ನಿಧಾನಿಸಿದರೆ ನಿಂತೇಹೋಗುತ್ತದೆ" ಎಂಬ ದೂರು ಗೊಬ್ಬರದ ಬಿಲ್ಲಿನ ಜೊತೆಯಲ್ಲೇ ಸಂಘದ ಕಚೇರಿಗೆ ಬರುತ್ತದೆ. ಕೆಲವರು ಗ್ಯಾರೇಜಿಗೆ ಹೋಗಿ ಕೆಡದೇ ಇದ್ದ ಭಾಗಗಳನ್ನು ಬದಲಾಯಿಸಿಕೊಂಡೂ ಬಂದಿದ್ದಾರೆ. ಆದ್ದರಿಂದ ಈ ವಿಷಯವನ್ನು ಕೊಂಚ ವಿವರವಾಗಿ ನೋಡೋಣ.

ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ ಇಟ್ಟ ಹದ, ಬ್ಯಾಟರಿ ಇದ್ದರೂ ತೆಗೆದರೂ ಅಲ್ಲಿಯೇ ಇರುತ್ತಿತ್ತು. ಬೆಂಗಳೂರಿನ ಮೈಕೋ ಮೂಲಕ ನಮಗೆಲ್ಲ ಪರಿಚಿತವಾದ ಬಾಷ್ ಕಂಪನಿಯು 1979ರಲ್ಲಿ ಪೆಟ್ರೋಲು ಸಿಂಪಡಣೆ ಮತ್ತು ಕಿಡಿಯ ಸಮಯ ಎರಡನ್ನೂ ಒಂದೇ ಗಣಕಯಂತ್ರದ ಕೈಗೆ ಕೊಟ್ಟ 'ಮೋಟ್ರಾನಿಕ್' ಏರ್ಪಾಡನ್ನು ಹೊರತಂದಿತು. ಇಂದಿನ ಕಾರುಗಳೆಲ್ಲ ಆ ದಾರಿಯಲ್ಲಿಯೇ ನಡೆದಿವೆ.

ಈ ಗಣಕಯಂತ್ರಕ್ಕೆ ಎರಡು ಬಗೆಯ ನೆನಪುಗಳಿವೆ. ಕಾರ್ಖಾನೆಯವರು ಬರೆದುಕೊಟ್ಟ ಮೂಲ ಲೆಕ್ಕ ಮೊದಲನೆಯದು. ಇಷ್ಟು ವೇಗ, ಇಷ್ಟು ಭಾರಕ್ಕೆ ಇಷ್ಟು ಪೆಟ್ರೋಲು ಎಂಬ ಈ ಪಟ್ಟಿಗೆ ಬ್ಯಾಟರಿಯ ಹಂಗಿಲ್ಲ. ವರ್ಷಗಟ್ಟಲೆ ಕಳಚಿಟ್ಟರೂ ಅಳಿಯದು. ಎರಡನೆಯದು ನಿಮ್ಮದೇ ಕಾರಿನ ವಯಸ್ಸು, ಸವೆತ, ಕೊಳೆಗಳನ್ನು ನೋಡಿ ಓಡುತ್ತೋಡುತ್ತ ಕಲಿತುಕೊಂಡ ತಿದ್ದುಪಡಿ. ಹಲವು ಕಾರುಗಳಲ್ಲಿ, ವಿಶೇಷವಾಗಿ ಹಳೆಯವುಗಳಲ್ಲಿ, ಈ ತಿದ್ದುಪಡಿ ಬ್ಯಾಟರಿಯ ಸಣ್ಣ ವಿದ್ಯುತ್ತಿನ ಬಲದಿಂದಲೇ ಉಳಿದಿರುತ್ತದೆ. ತಂತಿ ಕಳಚಿದೊಡನೆ ಇದು ಅಳಿದು, ಎಂಜಿನ್ ಮೂಲ ಪಟ್ಟಿಗೆ ಮರಳುತ್ತದೆ.

ಪೆಟ್ರೋಲಿನ ಲೆಕ್ಕವನ್ನೇ ನೋಡಿ. ಒಂದು ಪಾಲು ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಥನಾಲಿಗೆ ಸುಮಾರು 9 ಪಾಲು ಸಾಕು. ಶೇ. 20 ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಅಷ್ಟೇ ಗಾಳಿಗೆ ತುಸು ಹೆಚ್ಚು ಇಂಧನ ಬಿಡಬೇಕಾಗುತ್ತದೆ. ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸೆನ್ಸರ್ ಈ ಕೊರತೆಯನ್ನು ತಿಳಿಸುತ್ತದೆ, ಗಣಕಯಂತ್ರ ಅದನ್ನು ಮನನ ಮಾಡಿಕೊಳ್ಳುತ್ತದೆ. ಆದರೆ ಈ ಸೆನ್ಸರ್ ಸುಮಾರು 300 ಡಿಗ್ರಿ ಕಾಯುವವರೆಗೆ ಬಾಯಿ ಬಿಡುವುದಿಲ್ಲ. ಮನನವೂ ಅಳಿದು, ಸೆನ್ಸರೂ ತಣ್ಣಗಿದ್ದರೆ, ಹಳೆಯ ಕಾರು ಬೆಳಗಿನ ಮೊದಲ ಮೈಲಿಗಳಲ್ಲಿ ಮುಗ್ಗರಿಸುವುದು ಸಹಜ.

ಇದಕ್ಕಿಂತ ಹೆಚ್ಚು ಕಾಟ ಕೊಡುವುದು ಥ್ರಾಟಲ್. ಗಾಳಿ ಒಳಹೋಗುವ ಈ ಬಾಗಿಲಿನ ಅಂಚಿಗೆ ವರ್ಷಗಳಲ್ಲಿ ಕಪ್ಪು ಮಸಿ ಕಟ್ಟಿ ಸಂದಿ ಕಿರಿದಾಗುತ್ತದೆ. ಗಣಕಯಂತ್ರ ಬಾಗಿಲನ್ನು ಕೂದಲೆಳೆಯಷ್ಟು ಹೆಚ್ಚು ತೆರೆದು ಸರಿದೂಗಿಸಿಕೊಂಡಿರುತ್ತದೆ. ಬ್ಯಾಟರಿ ಕಳಚಿದಾಗ ಈ ಕಲಿಕೆ ಹೋಗುತ್ತದೆ, ಮಸಿ ಮಾತ್ರ ಅಲ್ಲಿಯೇ ಇರುತ್ತದೆ! ಬೀದರಿನ ಗಾಂಧಿ ಗಂಜಿನಲ್ಲಿ ಅಡತಿ ಅಂಗಡಿ ಇಟ್ಟಿರುವ ನಮ್ಮ ಪರಿಚಯದವರೊಬ್ಬರಿಗೆ ಹೀಗೆಯೇ ಆಯಿತು. ಬೇಸಿಗೆಯಲ್ಲಿ ಹೊಸ ಬ್ಯಾಟರಿ ಹಾಕಿಸಿದ ಮರುದಿನದಿಂದ, ಗಂಜಿನಲ್ಲಿ ತೊಗರಿ ಲಾರಿಗಳ ನಡುವೆ ನಿಧಾನಿಸಿದಾಗಲೆಲ್ಲ ಕಾರು ನಿಲ್ಲತೊಡಗಿತು. ಭಾಲ್ಕಿ ರಸ್ತೆಯಲ್ಲಿ ಓಡುವಾಗ ಯಾವ ತಕರಾರೂ ಇಲ್ಲ. ಒಬ್ಬ ಮೆಕ್ಯಾನಿಕ್ ಗಣಕಯಂತ್ರವನ್ನೇ ಬದಲಾಯಿಸಬೇಕೆಂದನಂತೆ. ವೇಗದಲ್ಲಿ ಬಾಗಿಲು ಅಗಲ ತೆರೆದಿರುವುದರಿಂದ ಮಸಿ ಅಡ್ಡಿಯಾಗದು, ನಿಧಾನಿಸಿದಾಗ ಮಾತ್ರ ಅಡ್ಡಿ. ರೋಗಲಕ್ಷಣವೇ ಕಾರಣವನ್ನು ಹೇಳುತ್ತಿತ್ತು. ಥ್ರಾಟಲ್ ತೊಳೆಸಿ, ಮತ್ತೆ ಕಲಿಯಲು ಬಿಟ್ಟಾಗ ಸರಿಹೋಯಿತು. ಗಂಜಿನ ಸಮತಟ್ಟಿನಲ್ಲಿ ಇದು ಬರೀ ಕಿರಿಕಿರಿ. ಚಾರ್ಮಾಡಿಯ ತಿರುವಿನಲ್ಲಿ ಎಂಜಿನ್ ನಿಂತರೆ ಸ್ಟೀರಿಂಗ್ ಬಿಗಿಯಾಗುತ್ತದೆ, ಒಂದೆರಡು ಸಲ ಒತ್ತುವಷ್ಟರಲ್ಲಿ ಬ್ರೇಕಿನ ನೆರವೂ ತೀರುತ್ತದೆ.

ಎಚ್ಚರಿಕೆಯ ದೀಪ ಆರಿಸಲೆಂದು ಬ್ಯಾಟರಿ ಕಳಚುವ ಅಭ್ಯಾಸ ನನಗೆ ಸರಿಕಾಣದು. ದೋಷದ ಸಂಕೇತವೂ ಅನೇಕ ಕಾರುಗಳಲ್ಲಿ ಆ ನೆನಪಿನಲ್ಲಿಯೇ ಇರುತ್ತದೆ. ಅದನ್ನು ಓದಿಸದೆ ಅಳಿಸುವುದೆಂದರೆ ಡಾಕ್ಟರಿಗೆ ತೋರಿಸುವ ಮೊದಲೇ ರಕ್ತಪರೀಕ್ಷೆಯ ಚೀಟಿ ಹರಿದ ಹಾಗೆ. ಈಚಿನ ಹಲವು ಕಾರುಗಳಲ್ಲಂತೂ ಕಲಿಕೆ ಅಳಿಯುವುದೂ ಇಲ್ಲ. ಸ್ಕ್ಯಾನರ್ ಉಪಕರಣದಿಂದಲೇ ಅಳಿಸಬೇಕು.

ಹಾಗಾದರೆ ಮಳೆಗಾಲದಲ್ಲಿ ಕಳಚಬಾರದೇ? ಕಳಚಬೇಕು. ನಿಂತ ಕಾರಿನ ಗಣಕಯಂತ್ರ, ಬೀಗ, ಗಡಿಯಾರಗಳು ಸೇರಿ 30 ಮಿಲಿ ಆಂಪಿಯರ್ ಎಳೆಯುತ್ತವೆಂದು ಇಟ್ಟುಕೊಳ್ಳಿ. ದಿನಕ್ಕೆ 0.72 ಆಂಪಿಯರ್-ಗಂಟೆ. 35 ಆಂಪಿಯರ್-ಗಂಟೆಯ ಬ್ಯಾಟರಿ 24 ದಿನಗಳಲ್ಲಿ ಅರ್ಧ, 48 ದಿನಗಳಲ್ಲಿ ಪೂರ್ತಿ ಖಾಲಿ. ಹಾಗೆ ಬರಿದಾಗಿ ಬಿದ್ದ ಬ್ಯಾಟರಿಯ ಫಲಕಗಳು ಗಂಧಕದ ಉಪ್ಪು ಕಟ್ಟಿ ಕೆಡುತ್ತವೆ. ಕಲಿಕೆ ಮರಳಿ ಬರುತ್ತದೆ, ಕೆಟ್ಟ ಬ್ಯಾಟರಿ ಬರುವುದಿಲ್ಲ.

ಕಳಚುವಾಗ ಕೀ ತೆಗೆದು ಕೆಲವು ನಿಮಿಷ ಕಾಯಿರಿ. ಗಣಕಯಂತ್ರ ತನ್ನ ಲೆಕ್ಕ ಬರೆದಿಡಲಿ. ಮೊದಲು ಮೈನಸ್ ತಂತಿ ತೆಗೆಯಿರಿ. ಮತ್ತೆ ಹಾಕುವಾಗ ಅದು ಕೊನೆಗೆ. ಮೈನಸ್ ಇರುವಾಗ ಪ್ಲಸ್‌ಗೆ ಕೈ ಹಾಕಿದರೆ, ಸ್ಪ್ಯಾನರ್ ಬಾಡಿಗೆ ತಗುಲಿ ಕಿಡಿ ಹಾರೀತು. ಜೋಡಿಸಿದ ಮೇಲೆ ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ, ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಬಿಡಿ. ಆಮೇಲೆ ಏ.ಸಿ. ಹಾಕಿ ಕೆಲವು ನಿಮಿಷ. ಬಳಿಕ ಸಮತಟ್ಟು, ಏರು, ಇಳಿಜಾರುಗಳಲ್ಲಿ ಸಾಧಾರಣವಾಗಿ ಓಡಿಸಿ. ಘಾಟಿಯನ್ನು ಮಾತ್ರ ಮೊದಲ ದಿನವೇ ಹತ್ತಬೇಡಿ. ಕಂಪನಿಯ ಪುಸ್ತಕದಲ್ಲಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸತಕ್ಕದ್ದು.

ಇನ್ನೊಂದು ಮಾತು. ಒಂದು ಜೀಪಿನ ಬ್ಯಾಟರಿಯಿಂದ ಇನ್ನೊಂದನ್ನು ಚಾಲೂ ಮಾಡಿ, ಓಡುತ್ತಿರುವಾಗಲೇ ಕಳಚಿಕೊಂಡು ಹೋಗುವುದನ್ನು ತೋಟಗಳಲ್ಲಿ ನೋಡಿದ್ದೇವೆ. ಗಣಕಯಂತ್ರವಿರುವ ಗಾಡಿಯಲ್ಲಿ ಇದು ಎಂದಿಗೂ ಕೂಡದು. ಬ್ಯಾಟರಿಯ ಆಸರೆ ತಪ್ಪಿದ ಆಲ್ಟರ್ನೇಟರ್ ಕ್ಷಣಾರ್ಧದಲ್ಲಿ ಹತ್ತಾರು ವೋಲ್ಟ್ ಚಿಮ್ಮಿಸಿ ಗಣಕಯಂತ್ರವನ್ನೇ ಸುಡಬಲ್ಲದು. ಪಿಕಪ್ಪಿಗೆ ಅಡಿಕೆ ಮೂಟೆಯ ಕಟಕಟೆ ವೆಲ್ಡಿಂಗ್ ಮಾಡಿಸುವವರು ಮಾತ್ರ, ಎಂಜಿನ್ ನಿಲ್ಲಿಸಿ, ಕೆಲಸಕ್ಕೆ ಮುಂಚೆಯೇ ಬ್ಯಾಟರಿ ಕಳಚಿಸಬೇಕು.