ಕಸಿಗೆ ಮೊದಲು ಕಡ್ಡಿ ನೋಡಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಾಡಿ, ಹಕ್ಕಲುಗಳಲ್ಲಿ ಮುರುಗಲು (ಪುನರ್ಪುಳಿ) ತಾನಾಗಿಯೇ ಹುಟ್ಟಿ ಬೆಳೆಯುತ್ತದೆ. ಅದರ ಬೀಜದ ಸಸಿಯನ್ನು ತೋಟದಲ್ಲಿ ಸಾಲಾಗಿ ನೆಟ್ಟರೆ ಸುಮಾರು ಅರ್ಧ ಗಿಡಗಳು ಗಂಡಾಗುತ್ತವೆ, ಕಾಯಿ ಸಿಗುವುದಿಲ್ಲ. ಗಂಡೋ ಹೆಣ್ಣೋ ಎಂದು ತಿಳಿಯುವುದು ಹೂ ಬಿಟ್ಟ ಮೇಲೆ, ಅಂದರೆ ವರ್ಷಗಟ್ಟಲೆ ಸಾಕಿದ ಮೇಲೆ. ಹಾಗಾಗಿ ಮುರುಗಲಿಗೆ ಮೃದುಕಾಂಡ ಕಸಿಯೇ ಸರಿ. ಬೀಜ ಬೇಕಾಗುವುದು ಕಡ್ಡಿ ಕಟ್ಟುವ ಬೇರುಸಸಿಗೆ ಮಾತ್ರ. ಅದನ್ನೂ ಹಣ್ಣಿನಿಂದ ತೆಗೆದು ತಡಮಾಡದೆ ಬಿತ್ತಬೇಕು, ಪೂರ್ತಿ ಒಣಗಿದ್ದು ಮೊಳೆಯದು.

ಒಳ್ಳೆಯ ಫಸಲಿನ ಹೆಣ್ಣು ಮರ ಸಿಕ್ಕಿತೆಂದು ಕೈಗೆಟುಕಿದ ಕೊಂಬೆ ಕೊಯ್ಯಬೇಡಿ. ನೆಟ್ಟಗೆ ಮೇಲಕ್ಕೆ ಹೋದ ಚಿಗುರಿನ ಕಡ್ಡಿ ಕಟ್ಟಿದರೆ ಗಿಡ ಮರವಾಗುತ್ತದೆ. ಅಡ್ಡಕೊಂಬೆಯ ಕಡ್ಡಿಯಾದರೆ ಅಗಲಕ್ಕೆ ಹರಡಿ ಪೊದೆಯಂತಾಗುತ್ತದೆ.

ಕಾಳುಮೆಣಸಿನಲ್ಲೂ ಹೀಗೆಯೇ. ಅಡಿಕೆ ಮರಕ್ಕೆ ಹಬ್ಬಿಸಲು ಬುಡದಿಂದ ಹೊರಟ ಹಬ್ಬುಬಳ್ಳಿ ಬೇಕು. ಕಾಯಿ ಬಿಡುವ ಅಡ್ಡರೆಂಬೆ ನೆಟ್ಟರೆ ಅದು ಕುಂಡದ ಪೊದೆಮೆಣಸು. ಹಬ್ಬುಬಳ್ಳಿ ನೆಲಕ್ಕೆ ತಾಗಿ ಬೇರು ಬಿಡದಂತೆ ಗೂಟಕ್ಕೆ ಸುತ್ತಿಡಿ. ಫೆಬ್ರವರಿ–ಮಾರ್ಚ್‌ನಲ್ಲಿ ತುದಿಯ ಎಳಸು, ಬುಡದ ಬಲಿತ ಭಾಗ ಬಿಟ್ಟು, ನಡುವಿನದನ್ನು 2–3 ಗೆಣ್ಣಿಗೆ ಕತ್ತರಿಸಿ ಲಕೋಟೆಗೆ ಹಾಕಿದರೆ ಮಳೆಗಾಲಕ್ಕೆ ನೆಡಬಹುದು. ಸೊರಗು ರೋಗ ಬಂದ ತೋಟದ ಬಳ್ಳಿ ಪುಕ್ಕಟೆ ಸಿಕ್ಕರೂ ಬೇಡ.

ಗೇರಿನ ಬೇರುಸಸಿಗೆ ನೀರಲ್ಲಿ ಮುಳುಗುವ ಬೀಜ ಆರಿಸಿ, ರಾತ್ರಿಯಿಡೀ ನೆನೆಸಿ, ತೊಟ್ಟಿನ ಭಾಗ ಮೇಲಿರುವಂತೆ ಬಿತ್ತಿ. 40–50 ದಿನದ ಸಸಿ ಕಸಿಗೆ ಹದ. ಕಡ್ಡಿ ಈ ವರ್ಷದ, ಹೂ ಬಿಡದ, ಪೆನ್ಸಿಲ್ ದಪ್ಪದ್ದಿರಲಿ. ಕೊಯ್ಯುವ 7–10 ದಿನ ಮೊದಲು ಎಲೆ ಕತ್ತರಿಸಿ ತೊಟ್ಟು ಮಾತ್ರ ಉಳಿಸಿದರೆ ತುದಿಯ ಮೊಗ್ಗು ಉಬ್ಬುತ್ತದೆ, ಆಗ ಕಟ್ಟಿ. ಅನೇಕರು ಬಿಡುವ ಹಂತ ಇದೇ, ಕಸಿ ಸಾಯುವುದೂ ಇಲ್ಲಿಯೇ. ನೆಡುವಾಗ ಕಸಿಗಂಟು ಮಣ್ಣಿಗಿಂತ ಮೇಲಿರಬೇಕು, ಕಸಿಗೆ ಸುತ್ತಿದ ಪಟ್ಟಿ ಬಿಚ್ಚಬೇಕು. ಗಂಟಿನ ಕೆಳಗಿನ ಚಿಗುರನ್ನು ಆಗಾಗ ಚಿವುಟದಿದ್ದರೆ ಕೊನೆಗೆ ಉಳಿಯುವುದು ಬೇರುಸಸಿಯೇ.

ನಮ್ಮ ಮಳೆಗೆ ಲಕೋಟೆಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ತೂತು ಸಾಕಷ್ಟಿರಲಿ.

ಗಿಡ ಕೊಳ್ಳುವವರು ತಾಯಿಮರ ಯಾವುದು, ಕಡ್ಡಿ ಎಲ್ಲಿಯದು ಎಂದು ಕೇಳಿ. ಅನುಮಾನವಿದ್ದರೆ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ಮಳೆಗಾಲಕ್ಕೆ ಮೊದಲೇ ವಿಚಾರಿಸಿ.