ಯಂತ್ರದ ಲೆಕ್ಕಕ್ಕೊಂದು ಜಮಾಬಂದಿ

ಹಿಂದೆ ಹಳ್ಳಿಯ ಶಾನುಭೋಗರ ಲೆಕ್ಕದ ಪುಸ್ತಕವು ಎಷ್ಟೇ ಅಂದವಾದ ಅಕ್ಷರಗಳಿಂದ ಕೂಡಿದ್ದರೂ, ಮೇಲಧಿಕಾರಿಗಳು ಜಮಾಬಂದಿ ನಡೆಸದೆ ಅದನ್ನು ಒಪ್ಪುತ್ತಿರಲಿಲ್ಲ. ಬರೆದ ಮಾತಿಗೂ ಇರುವ ವಸ್ತುವಿಗೂ ಹೊಂದಿಕೆ ಉಂಟೋ ಇಲ್ಲವೋ ಎಂಬುದೇ ಅಲ್ಲಿಯ ಪ್ರಶ್ನೆ. ಗಣಕಜಾಲದ ಸಣ್ಣ ಯಂತ್ರಗಳನ್ನು ಪರೀಕ್ಷಿಸುವವರೂ ಇದೇ ಪ್ರಶ್ನೆಯನ್ನು ಕೇಳಬೇಕಾಗಿದೆ.

1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರವು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಹವಾನಿಯಂತ್ರಣದ ಹಂಗಿಲ್ಲದೆ ದುಡಿಯಬಲ್ಲುದೆಂಬುದು ಅದರ ಹಿರಿಮೆ. ಹೀಗೆ ಊರೂರಿನಲ್ಲಿ ನಿಂತ ಯಂತ್ರಗಳ ಬಳಿ ತಜ್ಞನು ಸದಾ ಕಾವಲಿರಲಾರನು. ಹಾಗಾದರೆ ದೂರದಲ್ಲಿರುವವನು ಅವುಗಳ ಕ್ಷೇಮವನ್ನು ಅರಿಯುವುದೆಂತು? ಗಣಕಜಾಲಗಳ ಮಟ್ಟಿಗೆ ಇದಕ್ಕೊಂದು ಸಾಮಾನ್ಯ ಕ್ರಮವನ್ನು 1988ರಲ್ಲಿ ಪ್ರಕಟವಾದ ಎಸ್.ಎನ್.ಎಂ.ಪಿ. ಎಂಬ ನಿಯಮಾವಳಿಯು ಒದಗಿಸಿತು. ಯಂತ್ರದೊಳಗೆ ಏಜೆಂಟ್ ಎಂಬ ಕಿರು ತಂತ್ರಾಂಶವಿದ್ದು, ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಕೇಡು ಸಂಭವಿಸಿದರೆ ತಾನಾಗಿಯೇ ವರದಿ ಕಳುಹಿಸುತ್ತದೆ.

ಉತ್ತರ ಬಂದ ಮಾತ್ರಕ್ಕೆ ಪರೀಕ್ಷೆ ಮುಗಿಯಿತೆಂದು ತಿಳಿಯುವವರು ಬಹಳ. ಬ್ಯಾಡರಹಳ್ಳಿಯ ಶಾಲೆಯೊಂದರ ಗೋಡೆಗೆ ತೂಗುಹಾಕಿದ ಜಾಲಪೆಟ್ಟಿಗೆಯನ್ನು ನಿದರ್ಶನವಾಗಿ ಭಾವಿಸಬಹುದು. ಅದರ ಪ್ರತಿಯೊಂದು ತಂತಿಗೂ ಎರಡು ಸ್ಥಿತಿಗಳು ಲೆಕ್ಕದಲ್ಲಿರುತ್ತವೆ: ಹೇಗಿರಬೇಕೆಂಬ ಆಜ್ಞೆ ಒಂದು, ಹೇಗಿದೆಯೆಂಬ ವಾಸ್ತವ ಇನ್ನೊಂದು. ಪರೀಕ್ಷಕನು ತಂತಿಯನ್ನು ಕೈಯಾರೆ ಕಿತ್ತು ನೋಡತಕ್ಕದ್ದು. ಆಗ ವಾಸ್ತವದ ಅಂಕಿಯು 1ರಿಂದ 2ಕ್ಕೆ ಮಾರ್ಪಡಬೇಕು; ಆಜ್ಞೆಯ ಅಂಕಿಯು 1 ಆಗಿಯೇ ಉಳಿಯಬೇಕು. ಆಜ್ಞೆಯನ್ನೇ ನಕಲು ಮಾಡಿ ವಾಸ್ತವವೆಂದು ಒಪ್ಪಿಸುವ ಏಜೆಂಟಿನಿಂದ ಶಾಲೆಯ ಗಣಕಗಳೆಲ್ಲ ಮೂಕವಾದರೂ ದೂರದ ಅಧಿಕಾರಿಗೆ ಸರ್ವವೂ ಸುಕ್ಷೇಮವೆಂದೇ ತೋರುತ್ತದೆ. ಬಾಯಿಲ್ಲದ ಏಜೆಂಟಿಗಿಂತ ಸುಳ್ಳಾಡುವ ಏಜೆಂಟು ಹೆಚ್ಚು ಅಪಾಯಕಾರಿ. ಇನ್ನು, ತಾನಾಗಿ ಬರುವ ವರದಿಗೆ ಮೊದಲ ಆವೃತ್ತಿಯಲ್ಲಿ ಸ್ವೀಕೃತಿಯ ಏರ್ಪಾಡಿಲ್ಲ. ಅದು ದಾರಿಯಲ್ಲಿ ಕಳೆದುಹೋಗಲೂಬಹುದು. ಆದಕಾರಣ ವರದಿಯನ್ನು ಕಾಯುವುದರ ಜೊತೆಗೆ ಪ್ರಶ್ನಿಸಿಯೂ ತಿಳಿಯಬೇಕು.

ಏಜೆಂಟು ತಿಳಿಸುವ ವಿಷಯಗಳಿಗೆಲ್ಲ ವಂಶವೃಕ್ಷದಂತೆ ಕವಲೊಡೆದ ಸಂಖ್ಯಾನಾಮಗಳುಂಟು. ಮುಂದಿನದನ್ನು ಹೇಳೆಂದಾಗ ಅದು ನಿಘಂಟಿನ ಪದಗಳಂತೆ ಅನುಕ್ರಮವಾಗಿ ಹೇಳಬೇಕು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಬಿಡಿ ಅಕ್ಷರಗಳಂತೆ ನೋಡಿದರೆ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ. ಸಂಖ್ಯೆಯೆಂದು ಎಣಿಸಿದರೆ 9ರ ಬಳಿಕ ಬರುತ್ತದೆ. ಎರಡನೆಯದೇ ಸರಿ. ಕ್ರಮ ತಪ್ಪಿದರೆ ಪ್ರಶ್ನಿಸುವವನು ಗಾಣದೆತ್ತಿನಂತೆ ಅದೇ ಸುತ್ತಿನಲ್ಲಿ ತಿರುಗುತ್ತಿರಬೇಕಾದೀತು. ಹತ್ತಕ್ಕಿಂತ ಕಡಿಮೆ ತಂತಿಗಳಿರುವ ಪೆಟ್ಟಿಗೆಯಲ್ಲಿ ಈ ದೋಷವು ಕಾಣಿಸಿಕೊಳ್ಳದೆ ಅಡಗಿರುವುದುಂಟು.

ಯಂತ್ರವು ಎಚ್ಚೆತ್ತಂದಿನಿಂದ ಕಳೆದ ಕಾಲವನ್ನು ಸೆಕೆಂಡಿನ ನೂರನೆಯ ಭಾಗಗಳಲ್ಲಿ ಎಣಿಸಲಾಗುತ್ತದೆ. ಹತ್ತು ನಿಮಿಷಕ್ಕೆ 60,000 ಏರಬೇಕು. ಗಡಿಯಾರ ಹಿಡಿದು ನೋಡಿದರೆ ಸಾಕು. ಈ ಎಣಿಕೆಗೆ 32 ಬಿಟ್ಟುಗಳಷ್ಟೇ ಸ್ಥಳವಿರುವುದರಿಂದ ಸುಮಾರು 497 ದಿನಗಳಲ್ಲಿ ಅದು ತುಂಬಿ ಮತ್ತೆ ಸೊನ್ನೆಗೆ ಇಳಿಯುತ್ತದೆ. ದೂರದವನು ಯಂತ್ರವೇ ನಿಂತು ಪುನಃ ಹೊರಟಿತೆಂದು ಭ್ರಮಿಸುವನು. ಅಷ್ಟು ದಿನ ಕಾಯಲು ಯಾರಿಗೂ ವ್ಯವಧಾನವಿಲ್ಲವಾದ್ದರಿಂದ, ಪ್ರಯೋಗಶಾಲೆಯಲ್ಲಿಯೇ ಎಣಿಕೆಯನ್ನು ಕೊನೆಯ ಅಂಚಿಗೆ ತಂದಿರಿಸಿ ಪರೀಕ್ಷಿಸುವುದು ಜಾಣತನ.

ಸರಿಯಾದ ಪ್ರಶ್ನೆಗಳಿಂದಷ್ಟೇ ಪರೀಕ್ಷೆಯು ಪೂರ್ಣವಾಗದು. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದವರು ವಿಕಾರಗೊಳಿಸಿದ ಸಂದೇಶಗಳನ್ನು ಏಜೆಂಟುಗಳಿಗೆ ಕಳುಹಿಸಿ ಪರೀಕ್ಷಿಸಿದರು. ಅನೇಕ ತಯಾರಕರ ಯಂತ್ರಗಳಲ್ಲಿ ದೋಷಗಳಿರುವುದು ಇದರಿಂದ 2002ರಲ್ಲಿ ಜಗಜ್ಜಾಹೀರಾಯಿತು. ಕಿರುಯಂತ್ರಗಳ ಸ್ಮೃತಿಕೋಶ ಅಲ್ಪವಾದುದರಿಂದ ಈ ಭಯ ಅಲ್ಲಿ ಇನ್ನೂ ಅಧಿಕ. ಆದುದರಿಂದ ಪರೀಕ್ಷಕನು ಅಸಂಬದ್ಧ ಪ್ರಶ್ನೆಗಳನ್ನು ಎಡೆಬಿಡದೆ ಸುರಿಯುತ್ತ, ಅದೇ ವೇಳೆಯಲ್ಲಿ ಪೆಟ್ಟಿಗೆಯ ಮೂಲಕ ಹರಿಯುವ ಮಕ್ಕಳ ಪಾಠವು ನಿಲ್ಲದೆ ಸಾಗುತ್ತಿದೆಯೇ ಎಂಬುದರ ಮೇಲೆ ಕಣ್ಣಿಡತಕ್ಕದ್ದು.